ಗೈರೋ ಏಮಿಂಗ್: ಮಣಿಕಟ್ಟು ನೋಯದ ಹಾಗೆ ನಾನು ಹೊಂದಿಸಿಕೊಂಡ ಬಗೆ

ಮೋಷನ್ ಕಂಟ್ರೋಲ್ (ಕೈಯ ಚಲನೆಯಿಂದಲೇ ಗೇಮ್ ಆಡುವುದು) ಎಂದರೆ ಹಲವರಿಗೆ ಈಗಲೂ 2006ರ ನಿಂಟೆಂಡೊ ವೀ ಗೇಮ್ ಯಂತ್ರದ ರಿಮೋಟ್, ತೋಳು ಬೀಸಾಟ, ಭುಜ ನೋವು. ಆ ರಿಮೋಟಿಗೆ ತಿರುಗುವಿಕೆಯನ್ನು ಅಳೆಯುವ ಸೆನ್ಸರ್ ಗೈರೋಸ್ಕೋಪ್ ಸೇರಿದ್ದೇ 2009ರಲ್ಲಿ, ಮೋಷನ್‌ಪ್ಲಸ್ ಎಂಬ ಜೋಡಣೆ ಬಂದಾಗ. ಈಗಿನ ಗೈರೋ ಏಮಿಂಗ್‌ಗೆ, ಅಂದರೆ ಕಂಟ್ರೋಲರನ್ನು ತಿರುಗಿಸಿ ಗುರಿ ಹಿಡಿಯುವುದಕ್ಕೆ, ಮಣಿಕಟ್ಟು ಒಂದಿಷ್ಟು ತಿರುಗಿದರೆ ಸಾಕು. ಬಿಜಿಎಂಐ ಎಂಬ ಮೊಬೈಲ್ ಶೂಟರ್‌ನಲ್ಲಿ ಫೋನ್ ಓರೆ ಮಾಡಿ ರಿಕಾಯಿಲ್ (ಗುಂಡು ಹಾರಿದಾಗ ಬಂದೂಕು ಜಿಗಿಯುವುದು) ಹಿಡಿಯುವವರಿಗೆ ಇದು ಗೊತ್ತೇ ಇದೆ. ಪಿಸಿಯಲ್ಲಿ ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ಮತ್ತು ಅದನ್ನು ಹೊಂದಿಸಲು ಸ್ಟೀಮ್ ಗೇಮ್ ತಾಣದ ಸ್ಟೀಮ್ ಇನ್‌ಪುಟ್ ಸೌಲಭ್ಯ ಇಟ್ಟುಕೊಂಡು ನಾನು ಆಡುವುದು ಹೀಗೆ.

ದೊಡ್ಡ ತಿರುವೆಲ್ಲ ಕಂಟ್ರೋಲರಿನ ಬಲ ಸ್ಟಿಕ್ಕಿಗೆ, ಗುರಿಯ ಕೊನೆಯ ಹೊಂದಾಣಿಕೆ ಮಾತ್ರ ಗೈರೋಗೆ. ಪೂರ್ತಿ ಗೈರೋದಲ್ಲೇ ತಿರುಗಲು ಹೋದರೆ ಕೈ ಸೊಟ್ಟಗಾಗಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ.

ಗೈರೋವನ್ನು ಮೌಸ್ ಆಗಿ ಕೆಲಸ ಮಾಡುವಂತೆ ಇಡುತ್ತೇನೆ, ಜಾಯ್‌ಸ್ಟಿಕ್ ಆಗಿ ಅಲ್ಲ. ಜಾಯ್‌ಸ್ಟಿಕ್ ಆದರೆ ಗೇಮಿನ ಡೆಡ್‌ಝೋನ್ (ಸ್ಟಿಕ್ಕಿನ ನಡುವಿನ, ಗೇಮ್ ಲೆಕ್ಕಕ್ಕೆ ಹಿಡಿಯದ ಜಾಗ) ಸಣ್ಣ ಚಲನೆಗಳನ್ನು ನುಂಗುತ್ತದೆ. ಕೆಲವು ಗೇಮ್‌ಗಳು ಮೌಸ್ ಮತ್ತು ಕಂಟ್ರೋಲರ್ ಎರಡನ್ನೂ ಒಟ್ಟಿಗೆ ಒಪ್ಪುವುದಿಲ್ಲ. ಪರದೆಯ ಬಟನ್ ಚಿತ್ರಗಳು ಪಟಪಟ ಬದಲಾಗುತ್ತವೆ, ಆಟ ತಡವರಿಸುತ್ತದೆ. ಅಲ್ಲಿ ಎಲ್ಲ ಬಟನ್‌ಗಳನ್ನೂ ಕೀಬೋರ್ಡ್ ಕೀಗಳಿಗೆ ಜೋಡಿಸುತ್ತೇನೆ. ಎಡ ಸ್ಟಿಕ್ಕಿನಲ್ಲಿ ನಿಧಾನ ನಡೆಯುವುದು ಕೈತಪ್ಪುತ್ತದೆ, ಆದರೂ ಗುರಿ ನಿಖರವಾಗುವುದೇ ನನಗೆ ಹೆಚ್ಚು.

ಮುಂದೆ, ಗೇಮಿನ ಕ್ಯಾಮೆರಾ ಸರಿಯಾಗಿ 360 ಡಿಗ್ರಿ ಸುತ್ತುವ ತನಕ ಸ್ಟೀಮಿನ ತಿರುವು ಅಳತೆಯನ್ನು ಹೊಂದಿಸಬೇಕು. ಆಮೇಲೆ ಸೆನ್ಸಿಟಿವಿಟಿ 1 ಎಂದರೆ ಕಂಟ್ರೋಲರ್ 1 ಡಿಗ್ರಿ, ಕ್ಯಾಮೆರಾ 1 ಡಿಗ್ರಿ. ಹೊಸಬರು 3ರಿಂದ ಶುರುಮಾಡಲಿ: ಕೈ 15 ಡಿಗ್ರಿ ತಿರುಗಿದರೆ ನೋಟ 45 ಡಿಗ್ರಿ ತಿರುಗುತ್ತದೆ. ಗುರಿ ನಡುಗಿದರೆ 2ಕ್ಕೆ ಇಳಿಸಿ. ಚಲನೆಯನ್ನು ನಯಗೊಳಿಸುವ ಸ್ಮೂದಿಂಗ್ ಹಾಕಬೇಡಿ, ನಡುಕ ಮುಚ್ಚುತ್ತದೆ, ಜೊತೆಗೆ ವಿಳಂಬವನ್ನೂ ತರುತ್ತದೆ. ಗುರಿಯನ್ನು ಶತ್ರುವಿನತ್ತ ತಾನೇ ಎಳೆಯುವ ಏಮ್ ಅಸಿಸ್ಟ್ ಕೂಡ ಆಫ್ ಇರಲಿ, ಕೈ ಒಂದು ಕಡೆ ಎಳೆದರೆ ಅದು ಇನ್ನೊಂದು ಕಡೆ ಎಳೆಯುತ್ತದೆ.

ಆರಾಮದ ಗುಟ್ಟು ಒಂದೇ ಬಟನ್‌ನಲ್ಲಿದೆ. ಗೈರೋ ಸದಾ ಆನ್, ಆ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಆಫ್. ಮೌಸನ್ನು ಎತ್ತಿ ಪ್ಯಾಡಿನ ನಡುವೆ ಮತ್ತೆ ಇಟ್ಟ ಹಾಗೆ, ಕೈ ಸಹಜ ಸ್ಥಿತಿಗೆ ಮರಳುತ್ತದೆ. ಮೊಣಕೈ ತೊಡೆಯ ಮೇಲೋ ಕುರ್ಚಿಯ ಕೈಯ ಮೇಲೋ ಊರಿರಲಿ. ಗಾಳಿಯಲ್ಲಿ ಹಿಡಿದರೆ ಭುಜ ಬೇಗ ಸೋಲುತ್ತದೆ. ಒರಗಿ ಕೂತು ಕಂಟ್ರೋಲರನ್ನು ನೆಟ್ಟಗೆ ಹಿಡಿಯುವವರು ಸ್ಟೀಮ್ ಇನ್‌ಪುಟ್‌ನಲ್ಲಿ ಪ್ಲೇಯರ್ ಸ್ಪೇಸ್ ಎಂಬ ಆಯ್ಕೆ ಆರಿಸಿಕೊಳ್ಳಿ. ಅದು ಗುರುತ್ವದ ದಿಕ್ಕನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಹಿಡಿತ ಬದಲಾದರೂ ಎಡಬಲ ತಪ್ಪುವುದಿಲ್ಲ.

ಕೈ ಅಲುಗದಿದ್ದರೂ ನೋಟ ಜಾರುತ್ತಿದ್ದರೆ ಅದು ಡ್ರಿಫ್ಟ್. ಬಿಸಿ ಏರಿದಂತೆ ಸೆನ್ಸರಿನ ಶೂನ್ಯಬಿಂದು ಸರಿಯುತ್ತದೆ. ಸ್ವಲ್ಪ ಹೊತ್ತು ಆಡಿದ ಮೇಲೆ ಅಲುಗದ ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿ. ಹಾಸಿಗೆ, ಮಡಿಲು ಬೇಡ. ವೈಬ್ರೇಶನ್ ಗುರಿಯನ್ನು ಅಲುಗಿಸುತ್ತದೆ, ಶೂಟರ್‌ಗಳಲ್ಲಿ ಅದನ್ನು ತಗ್ಗಿಸಿ.

ಇಷ್ಟು ಕೈಗೆ ಹತ್ತಿದ ಮೇಲೆ ಫ್ಲಿಕ್ ಸ್ಟಿಕ್ ಪ್ರಯತ್ನಿಸಿ. ಸ್ಟಿಕ್ ತಳ್ಳಿದ ದಿಕ್ಕಿಗೆ ಕ್ಯಾಮೆರಾ ಥಟ್ಟನೆ ತಿರುಗುತ್ತದೆ, ಮೇಲೆ ಕೆಳಗೆ ನೋಡುವುದೆಲ್ಲ ಗೈರೋದ ಪಾಲು. ಬೆನ್ನ ಹಿಂದಿನ ಶತ್ರುವಿಗೆ ಸ್ಟಿಕ್ ಹಿಂದಕ್ಕೆ ತಳ್ಳಿದರಾಯಿತು. ಅಷ್ಟು ತಿರುಗಿಯೂ ಅವನು ಪರದೆಯ ನಡುವೆ ಬಾರದಿದ್ದರೆ 360ರ ಅಳತೆ ತಪ್ಪಿದೆ, ಅದನ್ನೇ ಮತ್ತೆ ಸರಿಪಡಿಸಿ.