ವರ್ಡ್‌ನಲ್ಲಿ ಅರ್ಜಿ ನಮೂನೆಗೆ ಬೀಗ ಹಾಕಿದ ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿ ನನ್ನದು ಟೈಪಿಂಗ್, ಡಿಟಿಪಿ ಕೆಲಸ. ಒಂದು ಪತ್ತಿನ ಸಹಕಾರಿ ಸಂಘದವರು ತಮ್ಮ ಸಾಲದ ಅರ್ಜಿಯ ವರ್ಡ್ ಫೈಲ್ ತಂದು, ಇದನ್ನು ಯಾರೂ ಕೆಡಿಸದ ಹಾಗೆ ಮಾಡಿಕೊಡಿ ಅಂದರು. ಶಾಖೆಗೊಂದು ನಮೂನೆ ಆಗಿಬಿಟ್ಟಿತ್ತು. ಉದ್ದದ ಹೆಸರು ಬಂದರೆ ಗೆರೆ ಜಾರುತ್ತದೆ, ಅದನ್ನು ಸರಿಮಾಡಲು ಹೋಗಿ ಯಾರೋ ಜಾಮೀನುದಾರರ ಷರತ್ತಿನಲ್ಲಿ ಅರ್ಧ ಸಾಲನ್ನೇ ಅಳಿಸಿದ್ದರು. ಅಂಥ ಕಾಗದಕ್ಕೆ ಸಹಿ ಹಾಕಿದ ರೈತನಿಗೆ ನಾಳೆ ತೊಂದರೆ ಆಗುತ್ತೆ, ಅಲ್ವಾ? ನನಗೆ ಮುಖ್ಯ ಅನಿಸಿದ್ದು ಅದೇ.

ಮೊದಲು ಅಂಡರ್‌ಸ್ಕೋರ್ ಗೆರೆಗಳನ್ನೆಲ್ಲ ತೆಗೆದು ಟೇಬಲ್ ಹಾಕಿದೆ. ಟೇಬಲ್ ಪ್ರಾಪರ್ಟೀಸ್‌ನ ಆಪ್ಷನ್ಸ್‌ನಲ್ಲಿ ಅಕ್ಷರಕ್ಕೆ ತಕ್ಕಂತೆ ಕಾಲಂ ಹಿಗ್ಗುವ ಟಿಕ್ ಇರುತ್ತೆ, ಅದನ್ನು ತೆಗೆದರೆ ಹೆಸರು ಎಷ್ಟು ಉದ್ದ ಇದ್ದರೂ ಅದೇ ಮನೆಯೊಳಗೆ ಎರಡನೇ ಸಾಲಿಗೆ ಇಳಿಯುತ್ತದೆ. ಹಳೇ ಫೈಲ್ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ, ಹಾಗಾಗಿ ಎಲ್ಲ ಯೂನಿಕೋಡ್‌ಗೆ ತಂದು ನಿರ್ಮಲಾ ಯುಐ ಫಾಂಟ್ ಇಟ್ಟೆ.

ಡೆವಲಪರ್ ಟ್ಯಾಬ್ ವರ್ಡ್‌ನಲ್ಲಿ ಮೊದಲಿಗೆ ಕಾಣಿಸೋದಿಲ್ಲ. ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಟಿಕ್ ಹಾಕಬೇಕು. ಅದರಲ್ಲಿರುವ ಕಂಟೆಂಟ್ ಕಂಟ್ರೋಲ್‌ಗಳೇ ತುಂಬುವ ಜಾಗಗಳು. ಜಿಲ್ಲೆಗೆ ಪಟ್ಟಿಯಿಂದ ಆರಿಸುವ ಡ್ರಾಪ್‌ಡೌನ್ ಕೊಟ್ಟೆ, ಯಾಕೆಂದರೆ ವಿಜಯಪುರ ಅಂತ 2014ರಲ್ಲೇ ಆದರೂ ಈಗಲೂ ಒಬ್ಬರು ಬಿಜಾಪುರ ಹೊಡೀತಾರೆ, ಒಬ್ಬರು ವಿಜಾಪುರ. ಜಮೀನು ಎಷ್ಟು ಅಂತ ತುಂಬುವ ಜಾಗಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಎಕರೆ ಬೇರೆ, ಗುಂಟೆ ಬೇರೆ ಮಾಡಿದೆ. ಕಂಟೆಂಟ್ ಕಂಟ್ರೋಲ್‌ಗೆ ಇಷ್ಟೇ ಅಂಕಿ ಅಂತ ಮಿತಿ ಹಾಕಲು ಮ್ಯಾಕ್ರೋ, ಅಂದರೆ ಫೈಲ್ ಒಳಗೇ ಬರೆಯುವ ಸಣ್ಣ ಪ್ರೋಗ್ರಾಂ, ಬೇಕು, ಅದು ನನಗೆ ಬೇಡವಾಗಿತ್ತು. 40 ಗುಂಟೆಗೆ ಒಂದು ಎಕರೆ ತಾನೇ, ಗುಂಟೆಯ ಡ್ರಾಪ್‌ಡೌನ್‌ನಲ್ಲಿ 0ಯಿಂದ 39 ಇಟ್ಟೆ. ಈಗ 1 ಎಕರೆ 45 ಗುಂಟೆ ಅಂತ ಬರೆಯಲು ಬರೋದೇ ಇಲ್ಲ.

ಅರ್ಜಿದಾರರ ಹೆಸರು ಅರ್ಜಿ, ಕರಾರು, ರಸೀದಿ ಮೂರರಲ್ಲೂ ಬರಬೇಕು. ಇನ್ಸರ್ಟ್, ಕ್ವಿಕ್ ಪಾರ್ಟ್ಸ್, ಡಾಕ್ಯುಮೆಂಟ್ ಪ್ರಾಪರ್ಟಿಯಲ್ಲಿ ಸಬ್ಜೆಕ್ಟ್ ಆರಿಸಿ, ಅದನ್ನೇ ಮೂರೂ ಕಡೆ ಕಾಪಿ ಮಾಡಿದೆ. ಒಂದು ಕಡೆ ಬರೆದರೆ ಉಳಿದೆರಡು ತಾವೇ ತುಂಬಿಕೊಳ್ಳುತ್ತವೆ. ಇದನ್ನು ನೋಡಿ ಕಾರ್ಯದರ್ಶಿಗೆ ಬಹಳ ಖುಷಿಯಾಯಿತು.

ಬೀಗ ಹಾಕುವುದು ರಿವ್ಯೂ ಟ್ಯಾಬ್‌ನ ರಿಸ್ಟ್ರಿಕ್ಟ್ ಎಡಿಟಿಂಗ್‌ನಲ್ಲಿ. ಫಿಲ್ಲಿಂಗ್ ಇನ್ ಫಾರ್ಮ್ಸ್ ಆರಿಸಿ ಪಾಸ್‌ವರ್ಡ್ ಕೊಟ್ಟರೆ ತುಂಬುವ ಜಾಗ ಬಿಟ್ಟು ಬೇರೆಲ್ಲೂ ಕೈ ಆಡಲ್ಲ. ಆದರೆ ಶಾಖೆಯ ಷರಾ ಬರೆಯುವ ಭಾಗ ಪೂರ್ತಿ ತೆರೆದಿರಬೇಕಿತ್ತು. ಅದರ ಹಿಂದೆ ಮುಂದೆ ಕಂಟಿನ್ಯೂಯಸ್ ಸೆಕ್ಷನ್ ಬ್ರೇಕ್ (ಪುಟ ಬದಲಿಸದೆ ಭಾಗ ಬೇರೆ ಮಾಡುವ ಗುರುತು) ಹಾಕಿದರೆ ಸೆಲೆಕ್ಟ್ ಸೆಕ್ಷನ್ಸ್ ಅನ್ನೋದು ಬರುತ್ತದೆ, ಅಲ್ಲಿ ಆ ಭಾಗದ ಟಿಕ್ ತೆಗೆದೆ. ಎಲ್ಲಕ್ಕೂ ಸುಮ್ನೆ ಬೀಗ ಜಡಿದು ಕೂತರೆ ಜನ ಹಳೇ ಫೈಲನ್ನೇ ಹುಡುಕಿಕೊಂಡು ಹೋಗ್ತಾರೆ.

ಕಾರ್ಯದರ್ಶಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದೆ. ಈ ಪಾಸ್‌ವರ್ಡ್ ಕೈತಪ್ಪು ತಡೆಯಲು ಮಾತ್ರ, ಬೇಕಂತಲೇ ತೆಗೆಯುವವರನ್ನು ಇದು ತಡೆಯೋದಿಲ್ಲ. ತುಂಬಿದ ಅರ್ಜಿಯಲ್ಲಿ ಆಧಾರ್, ಖಾತೆ ನಂಬರ್ ಇರುತ್ತವೆ, ಅದಕ್ಕೆ ಫೈಲ್ ತೆರೆಯಲೇ ಪಾಸ್‌ವರ್ಡ್ ಕೇಳುವ ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್ ಬೇರೆ ಹಾಕಬೇಕು. ಆ ಪಾಸ್‌ವರ್ಡ್ ಮರೆತರೆ ಫೈಲ್ ಹೋದಂತೆಯೇ, ಬರೆದು ಲಾಕರ್‌ನಲ್ಲಿಡಿ ಅಂದೆ.

ಟೆಂಪ್ಲೇಟ್ ಆಗಿ ಸೇವ್ ಮಾಡಿ ಮೇಲ್ ಮಾಡಿದೆ. ಡಬಲ್ ಕ್ಲಿಕ್ ಮಾಡಿದರೆ ಪ್ರತಿ ಸಲ ಹೊಸ ಅರ್ಜಿ ತೆರೆಯುತ್ತೆ, ಮೂಲ ಹಾಗೇ ಇರುತ್ತೆ. ಒಂದು ಶಾಖೆಯಿಂದ ಫೋನ್ ಬಂತು: "ಅಕ್ಕಾರ, ಎಷ್ಟ್ ಒತ್ತಿದ್ರೂ ಒಂದಕ್ಷರಾನೂ ಬರವಲ್ದು." ನನ್ನ ಬೀಗ ಅದಲ್ಲ. ಮೇಲ್‌ನಿಂದ ಬಂದ ಫೈಲನ್ನು ವರ್ಡ್ ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆಯುತ್ತದೆ, ಮೇಲೆ ಹಳದಿ ಪಟ್ಟಿಯಲ್ಲಿ ಎನೇಬಲ್ ಎಡಿಟಿಂಗ್ ಒತ್ತಬೇಕು. ಗೊತ್ತಿರುವವರು ಕಳಿಸಿದ ಫೈಲ್ ಆದರೆ ಮಾತ್ರ ಒತ್ತಿ ಅಂತಲೂ ಹೇಳಿದೆ.

ಈಗ ಷರತ್ತು ಬದಲಾದರೆ ಕಾರ್ಯದರ್ಶಿಯೇ ಸ್ಟಾಪ್ ಪ್ರೊಟೆಕ್ಷನ್ ಒತ್ತಿ ತಿದ್ದಿ, ಪುಟದ ಅಡಿಯಲ್ಲಿ ಹೊಸ ತಾರೀಖು ಹಾಕಿ, ಮತ್ತೆ ಬೀಗ ಹಾಕಿ ಎಲ್ಲ ಶಾಖೆಗೂ ಕಳಿಸುತ್ತಾರೆ.