ಬಿತ್ತನೆ ಜೋಳದ ಜೀವ ಕಾಯುವುದು ಹೇಗೆ?

ಒಂದು ಹಿಡಿ ಮಾಲ್ದಂಡಿ ಜೋಳವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ. ಒಂದು ಮಗ್ಗುಲಲ್ಲಿ ಮೊಟ್ಟೆಯಾಕಾರದ ಮಸುಕು ಗುರುತು ಉಬ್ಬಿರುತ್ತದೆ. ಅದೇ ಭ್ರೂಣ, ಉಳಿದದ್ದು ಬಹುಪಾಲು ಅದರ ಬುತ್ತಿ.

ಸೆಕೆಗೂ ತೇವಕ್ಕೂ ಸಿಕ್ಕು ಈ ಭ್ರೂಣದ ಡಿಎನ್‌ಎ ಅಲ್ಲಲ್ಲಿ ಹರಿಯುತ್ತಿರುತ್ತದೆ. ಒಣಬೀಜ ಮಲಗಿರುವುದರಿಂದ ರಿಪೇರಿ ನಡೆಯದೆ ಹಾನಿ ಕೂಡುತ್ತಲೇ ಹೋಗುತ್ತದೆ. ನೀರು ಕುಡಿದ ಭ್ರೂಣ ಬೆಳೆಯುವ ಮುನ್ನ ಹರಿದ ಎಳೆಗಳನ್ನು ಬೆಸೆಯಲು ಕೂರುತ್ತದೆ. ಮೊದಲ ಕೆಲವೇ ಗಂಟೆಗಳಲ್ಲಿ ಕಿಣ್ವಗಳು ಕೆಲಸಕ್ಕಿಳಿಯುತ್ತವೆ. ಹಾನಿ ಹೆಚ್ಚಿದ್ದರೆ ಭ್ರೂಣ ತನ್ನ ಕೋಶಗಳು ಒಡೆದು ಎರಡಾಗುವುದನ್ನೇ ತಡೆಹಿಡಿಯುತ್ತದೆ. ಹಳೆಯ ಬೀಜ ತಡವಾಗಿ ಮೊಳೆಯಲು ಇದೂ ಒಂದು ಕಾರಣ. ಅದನ್ನು ಎರಡನೇ ದಿನಕ್ಕೇ ಸತ್ತಿತೆಂದು ತಿಪ್ಪೆಗೆ ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ತೆನೆ. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಮೂಡಿದ ಮೇಲೆಯೇ ಬೀಜದ ತೆನೆ ಕೊಯ್ಯಿರಿ. ಯಂತ್ರಕ್ಕೆ ಕೊಡದೆ ಕೋಲಿನಿಂದ ಮೆಲ್ಲಗೆ ಬಡಿಯಿರಿ. ಏಟು ಜೋರಾದರೆ ಭ್ರೂಣ ಬಿರಿಯುತ್ತದೆ.

ಆಮೇಲೆ ಒಣಗಿಸುವುದು. ಇಡೀ ಕೆಲಸದ ಜೀವಾಳ ಇದೇ. ತೇವಾಂಶ ಶೇ 12 ದಾಟಬಾರದು. ಗಾಳಿಯಾಡದ ಡಬ್ಬಿಗೆ ತುಂಬುವುದಾದರೆ ಶೇ 8ಕ್ಕೆ ಇಳಿಯಬೇಕು. ತೇವ ಶೇ 1ರಷ್ಟು ಇಳಿದರೆ ಬೀಜದ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ; ಉಷ್ಣಾಂಶ 5 ಡಿಗ್ರಿ ತಗ್ಗಿದರೂ ಅಷ್ಟೇ ಲಾಭ. ವಿಜಯಪುರದ ಬೇಸಿಗೆಯಲ್ಲಿ ಈ ಲೆಕ್ಕ ಚಿಕ್ಕದಲ್ಲ. ನಡುಹಗಲ ಸುಡುಬಿಸಿಲು ತಪ್ಪಿಸಿ ಒಣಗಿಸಿ. ಹಲ್ಲಿನಲ್ಲಿ ಕಡಿದರೆ ಕಾಳು ಕಟ್ಟೆಂದು ಒಡೆಯಬೇಕು. ಹಗೇವಿನ, ಅಂದರೆ ನೆಲದಡಿಯ ಕಣಜದ, ಜೋಳ ಊಟಕ್ಕಿರಲಿ. ಬೀಜದ ಡಬ್ಬಿ ಮನೆಯ ತಂಪು ಮೂಲೆ ಸೇರಲಿ, ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಬೇಡ.

ಬಿತ್ತುವ ಮುನ್ನ 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. 4ನೇ ದಿನ ಒಮ್ಮೆ, 10ನೇ ದಿನ ಇನ್ನೊಮ್ಮೆ ಎಣಿಸಿ. 75 ಮೊಳೆತರೆ ಸಾಕು.

ಕೊನೆಗೆ ನೆನೆಸುವುದು. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, 8 ಗಂಟೆ ನೆನೆಸಿ, ನೆರಳಿನಲ್ಲಿ ಮೊದಲಿನ ತೂಕಕ್ಕೆ ಬರುವವರೆಗೆ ಆರಿಸಿ. ಬೆಸುಗೆಗೆ ಭ್ರೂಣಕ್ಕೆ ಸಿಗುವ ಬಿಡುವು ಇದು. ಬೇರು ಇಣುಕುವಷ್ಟು ನೆನೆಸಿದಿರೋ, ಒಣಗಿಸಿದಾಗ ಅದು ಸಾಯುತ್ತದೆ. ಹೀಗೆ ಆರಿಸಿದ ಬೀಜಕ್ಕೆ ಬಾಳಿಕೆಯೂ ಕಡಿಮೆ. ಮುಂದಿನ ವರ್ಷಕ್ಕೆ ಎತ್ತಿಡದೆ, ಹದ ಸಿಕ್ಕ ಕೂಡಲೇ ಕೂರಿಗೆ ಬಟ್ಟಲಿಗೆ ಹಾಕಿ.