ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್: ಅಪ್ಪ ಅಮ್ಮನ ಜೊತೆ ಹೋಗಿ ಬಂದ ನನ್ನ ಅನುಭವ

ಊರಿಂದ ಅಪ್ಪ ಅಮ್ಮ ಬಂದರೆ ಇಲ್ಲಿ ಜರ್ಮನಿಯಲ್ಲಿ ಎಲ್ಲರೂ ಕರೆದುಕೊಂಡು ಹೋಗುವುದು ಸ್ವಿಟ್ಜರ್ಲೆಂಡಿಗೆ, ಇಲ್ಲಾಂದ್ರೆ ಪ್ಯಾರಿಸ್ಸಿಗೆ. ನಾನು ಡಿಸೆಂಬರ್ ಮೊದಲ ವಾರ ಹ್ಯಾಂಬರ್ಗಿಗೆ ಹೋಗ್ತೀವಿ ಅಂದಾಗ ಫ್ರಾಂಕ್‌ಫರ್ಟಿನ ಗೆಳೆಯರೆಲ್ಲ ನಕ್ಕರು. ಆ ಗಾಳಿ, ಆ ಜಿಟಿಜಿಟಿ ಮಳೆ, ನಾಲ್ಕು ಗಂಟೆಗೇ ಕತ್ತಲು, ಅಲ್ಲೇನಿದೆ ಅಂತ. ಬಂದರು ಇದೆ! ಅಪ್ಪ ಕೆಲಸ ಮಾಡಿ ನಿವೃತ್ತಿಯಾಗಿದ್ದು ಪಣಂಬೂರಿನ ಬಂದರಿನಲ್ಲಿ. ಅವರಿಗೆ ಹಿಮದ ಬೆಟ್ಟಕ್ಕಿಂತ ಕಂಟೇನರ್ ಎತ್ತುವ ಕ್ರೇನ್ ನೋಡುವುದೇ ಖುಷಿ. ಹ್ಯಾಂಬರ್ಗ್ ಜರ್ಮನಿಯ ಅತಿ ದೊಡ್ಡ ಬಂದರು, ಅದೂ ಸಮುದ್ರದ ದಡದಲ್ಲಿಲ್ಲ, ಸುಮಾರು 100 ಕಿಲೋಮೀಟರ್ ಒಳಗೆ ಎಲ್ಬೆ ನದಿಯಲ್ಲಿದೆ. ಅಷ್ಟು ದೊಡ್ಡ ಹಡಗು ನದಿಯಲ್ಲಿ ಒಳಗೆ ಬರುತ್ತೆ ಅನ್ನುವುದನ್ನು ಅಪ್ಪ ಕಣ್ಣಾರೆ ನೋಡಬೇಕಿತ್ತು.

ಪ್ಲ್ಯಾನ್ ಮಾಡಲು ಕೂತಾಗ ಮೊದಲು ಜಾಗಗಳ ಪಟ್ಟಿ ಮಾಡಲಿಲ್ಲ. ಬೆಳಕಿನ ಲೆಕ್ಕ ಹಾಕಿದೆ. ಆ ವಾರ ಅಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ, ಮುಳುಗುವುದು ನಾಲ್ಕರ ಸುಮಾರಿಗೆ. ಮೋಡ ಇದ್ದರೆ ಮೂರಕ್ಕೇ ಮಬ್ಬು. ಹಾಗಾಗಿ ಹಗಲಲ್ಲೇ ನೋಡಬೇಕಾದ್ದು ಯಾವುದು, ಕತ್ತಲಲ್ಲೂ ನಡೆಯುವುದು ಯಾವುದು, ಕತ್ತಲಲ್ಲೇ ಚೆನ್ನಾಗಿರುವುದು ಯಾವುದು ಅಂತ ಬೇರೆ ಮಾಡಿದೆ. ಹಾಗೆ ಮಾಡಿದ ಮೇಲೆ ಗೊತ್ತಾಯಿತು, ಈ ಊರಿನ ಮಟ್ಟಿಗೆ ಚಳಿಗಾಲದ ಕತ್ತಲು ಅಂಥಾ ನಷ್ಟವೇನಲ್ಲ. ಶ್ಪೈಶರ್‌ಶ್ಟಾಟ್ ಅಂತ ಹಳೇ ಗೋದಾಮುಗಳ ಬೀದಿಗಳಿವೆ, 1883ರಿಂದ ಕಟ್ಟಿದ್ದು, ಕೆಂಪು ಇಟ್ಟಿಗೆಯ ಕಟ್ಟಡಗಳ ಸಾಲು, ಮಧ್ಯೆ ಕಾಲುವೆ. ಕಾಫಿ, ಟೀ, ಮಸಾಲೆ ಪದಾರ್ಥ ಎಲ್ಲಾ ಇಲ್ಲೇ ಇಡ್ತಿದ್ದರು. 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅದನ್ನು ದೀಪ ಹಾಕಿದ ಮೇಲೆ ನೋಡಬೇಕು. ಜೂನ್‌ನಲ್ಲಿ ಹೋದರೆ ದೀಪ ನೋಡಲು ರಾತ್ರಿ ಹತ್ತರವರೆಗೆ ಕಾಯಬೇಕು, ಅಪ್ಪ ಅಮ್ಮ ಅಷ್ಟೊತ್ತಿಗೆ ನಿದ್ದೆ ಹೋಗಿರುತ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಎಲ್ಲಾ ರೆಡಿ. ಪೊಗ್ಗನ್‌ಮ್ಯೂಲೆನ್ ಸೇತುವೆ ಮೇಲೆ ನಿಂತು ಫೋಟೋ ತೆಗೆದು, ಆರಕ್ಕೆ ರೂಮಿಗೆ ಬಂದು, ಬಿಸಿ ಅನ್ನ ಸಾರು ಉಂಡೆವು.

ಇನ್ನೊಂದು ಲೆಕ್ಕ ಉಬ್ಬರ ಇಳಿತದ್ದು. ಪ್ರವಾಸದ ಸಲಹೆಗಳಲ್ಲಿ ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಮಂಡಿನೋವು ಇರುವವರ ಜೊತೆ ಹೋಗುವವರಿಗೆ ಇದು ಮುಖ್ಯ. ಸಮುದ್ರ ಅಷ್ಟು ದೂರ ಇದ್ದರೂ ಹ್ಯಾಂಬರ್ಗಿನಲ್ಲಿ ನೀರು ದಿನಕ್ಕೆ ಎರಡು ಸಲ ಮೂರೂವರೆ ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ. ಫೆರಿ ಹತ್ತುವ ಜಾಗ ಲಾಂಡುಂಗ್ಸ್‌ಬ್ರೂಕೆನ್. ಅಲ್ಲಿನ ಧಕ್ಕೆ ನೀರಿನ ಮೇಲೆ ತೇಲುತ್ತದೆ, ರಸ್ತೆಯಿಂದ ಅದಕ್ಕೆ ಓರೆಯಾದ ಸೇತುವೆಗಳು. ಉಬ್ಬರ ಇದ್ದಾಗ ಸೇತುವೆ ಹೆಚ್ಚುಕಡಿಮೆ ಮಟ್ಟಸ, ಇಳಿತದಲ್ಲಿ ಕಡಿದಾದ ಇಳಿಜಾರು, ಮೇಲಿಂದ ಮಳೆಯ ಒದ್ದೆ ಬೇರೆ. ನಾನು ಉಬ್ಬರದ ಸಮಯ ನೋಡಿಕೊಂಡೇ ಫೆರಿಯ ದಿನ ಇಟ್ಟೆ. ಗೋದಾಮಿನ ಕಾಲುವೆಗಳಲ್ಲಿ ಹೋಗುವ ಸಣ್ಣ ದೋಣಿಗಳಿಗೂ ಇದೇ ಕಥೆ. ನೀರು ತೀರಾ ಇಳಿದರೆ ದೋಣಿ ಕಾಲುವೆಗೆ ಬರುವುದಿಲ್ಲ, ತೀರಾ ಏರಿದರೆ ಸೇತುವೆ ಕೆಳಗೆ ತೂರುವುದಿಲ್ಲ. ದುಡ್ಡು ಕೊಡುವ ಮುಂಚೆ ‘ಇವತ್ತು ಕಾಲುವೆ ಒಳಗೆ ಹೋಗ್ತೀರಾ?’ ಅಂತ ಕೇಳಿ. ಅಪ್ಪನಿಗೆ ಇದನ್ನೆಲ್ಲ ವಿವರಿಸುವ ಕೆಲಸವೇ ಬೀಳಲಿಲ್ಲ, ಧಕ್ಕೆಯ ಕಂಬದ ಮೇಲಿನ ಪಾಚಿ ನೋಡಿಯೇ ‘ಈಗ ಇಳಿತ’ ಅಂದುಬಿಟ್ಟರು.

ಬಂದರು ನೋಡಲು ದುಬಾರಿ ಟೂರ್ ಏನೂ ಬೇಡ. ಊರಿನ ಬಸ್ಸು, ಮೆಟ್ರೋಗೆ ನಡೆಯುವ ದಿನದ ಟಿಕೆಟ್ಟೇ ಫೆರಿಗೂ ನಡೆಯುತ್ತದೆ. ನಾವು 62ನೇ ನಂಬರಿನ ಫೆರಿ ಹಿಡಿದು ಫಿಂಕನ್‌ವೆರ್ಡರ್‌ವರೆಗೆ ಹೋಗಿ ವಾಪಸ್ ಬಂದೆವು. ಕೆಳಗಿನ ಕ್ಯಾಬಿನ್ ಬೆಚ್ಚಗಿರುತ್ತೆ, ದೊಡ್ಡ ಕಿಟಕಿಗಳು, ಅಮ್ಮ ಅಲ್ಲೇ ಕೂತರು. ಅಪ್ಪ ಮೇಲೆ ಡೆಕ್ಕಿನಲ್ಲಿ, ಕಿವಿ ಕೆಂಪಾದರೂ ಇಳಿಯಲಿಲ್ಲ. ಮೇಲೆ ಹೋಗುವವರು ಛತ್ರಿ ನಂಬಿಕೊಳ್ಳಬೇಡಿ, ಆ ಗಾಳಿಗೆ ನಿಮಿಷದಲ್ಲಿ ತಿರುಗಿ ಹೋಗುತ್ತದೆ. ಟೋಪಿ ಇರುವ ಮಳೆ ಜಾಕೆಟ್, ಒಳಗೆ ಉಣ್ಣೆಯದು ಒಂದು, ಸಾಕು. ಚಳಿ ಸೊನ್ನೆಯಿಂದ ಐದು ಡಿಗ್ರಿ ಆಸುಪಾಸು, ಕಷ್ಟ ಕೊಡುವುದು ಗಾಳಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಎಲ್ಬೆ ನದಿಯ ಕೆಳಗಿನ ಹಳೇ ಸುರಂಗ. 1911ರಲ್ಲಿ ತೆರೆದದ್ದು, 426 ಮೀಟರ್ ಉದ್ದ, ಬಂದರಿನ ಕೆಲಸಗಾರರು ನದಿ ದಾಟಿ ಕೆಲಸಕ್ಕೆ ಹೋಗಲೆಂದು ಮಾಡಿದ್ದು. ಇಳಿಯಲು ಲಿಫ್ಟ್ ಇದೆ, ನಡೆದು ಹೋಗುವವರಿಗೆ ಪುಕ್ಕಟೆ. ಒಳಗೆ ಗಾಳಿಯೂ ಇಲ್ಲ, ಮಳೆಯೂ ಇಲ್ಲ. ಮೂರೂಮುಕ್ಕಾಲಿಗೆ ಈ ಕಡೆಯಿಂದ ಇಳಿದರೆ ಆ ಕಡೆ ಹೊರಬರುವಾಗ ಬೆಳಕು ಪೂರ್ತಿ ಹೋಗಿರುವುದಿಲ್ಲ, ಎದುರುಗಡೆ ಊರಿನ ದೀಪ ಒಂದೊಂದೇ ಹತ್ತುತ್ತಿರುತ್ತದೆ. ಈ ಸಮಯಕ್ಕೆ ಹೊಂದುವ ಹಾಗೆ ಅವತ್ತಿನ ಉಳಿದದ್ದನ್ನೆಲ್ಲ ಹಿಂದೆ ಮುಂದೆ ಮಾಡಿದೆ.

ಎಲ್ಬ್‌ಫಿಲ್ಹಾರ್ಮೊನಿ, ಅಂದರೆ ಹಳೇ ಗೋದಾಮಿನ ಮೇಲೆ ಗಾಜಿನ ಅಲೆ ಕೂರಿಸಿದ ಹಾಗೆ ಕಾಣುವ ಆ ಸಂಗೀತ ಸಭಾಂಗಣ, 2017ರಲ್ಲಿ ಶುರುವಾದದ್ದು. ಸಂಗೀತ ಕಚೇರಿಯ ಟಿಕೆಟ್ ತೆಗೆದುಕೊಳ್ಳದಿದ್ದರೂ 37 ಮೀಟರ್ ಎತ್ತರದ ಪ್ಲಾಜಾಕ್ಕೆ, ಅಂದರೆ ನಿಂತು ಊರು ನೋಡುವ ಅಂಗಳಕ್ಕೆ, ಹೋಗಬಹುದು. ಬಿಲ್ಲಿನ ಹಾಗೆ ಬಾಗಿದ ಉದ್ದ ಎಸ್ಕಲೇಟರ್ ಅಮ್ಮನಿಗೆ ಹಿಡಿಸಿತು. ಗಾಳಿ ಜೋರಿದ್ದರೆ ಹೊರಗಿನ ಜಗಲಿ ಮುಚ್ಚುತ್ತಾರೆ, ಆದ್ದರಿಂದ ಇದಕ್ಕೆ ದಿನ ಗಟ್ಟಿ ಮಾಡದೆ ಗಾಳಿ ಕಡಿಮೆ ಇದ್ದ ದಿನ ಹೋಗಿ ಬಂದೆವು.

ಸೋಮವಾರ ಬಹಳ ಮ್ಯೂಸಿಯಂಗಳಿಗೆ ರಜೆ. ಆ ಸಂಜೆಗೆ ಮಿನಿಯಾಟೂರ್ ವುಂಡರ್‌ಲಾಂಡ್ ಇಟ್ಟುಕೊಂಡೆ, ಜಗತ್ತಿನ ಅತಿ ದೊಡ್ಡ ಆಟಿಕೆ ರೈಲಿನ ಲೋಕ. ಮಕ್ಕಳಿಗೆ ಅಂದುಕೊಳ್ಳಬೇಡಿ. ಪುಟ್ಟ ವಿಮಾನ ನಿಲ್ದಾಣದಲ್ಲಿ ವಿಮಾನ ಹಾರಿ ಇಳಿಯುತ್ತೆ, ಅಲ್ಲೂ ಆಗಾಗ ರಾತ್ರಿಯಾಗಿ ದೀಪ ಹತ್ತುತ್ತೆ. ಇದಕ್ಕೆ ಮಾತ್ರ ಸಮಯ ಗೊತ್ತುಮಾಡಿ ಮುಂಚೆಯೇ ಬುಕ್ ಮಾಡಲೇಬೇಕು. ಸಂಜೆಯ ಕೊನೆಯ ಹೊತ್ತು ಜನ ಕಡಿಮೆ.

ಭಾನುವಾರದ ಮೀನು ಮಾರುಕಟ್ಟೆ 1703ರಿಂದ ನಡೆಯುತ್ತಿದೆ. ಚಳಿಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ಶುರು, ಒಂಬತ್ತೂವರೆಗೆ ಮುಗಿಯುತ್ತದೆ, ಅಂದರೆ ಅರ್ಧ ಸಂತೆ ಕತ್ತಲಲ್ಲೇ. ಅಮ್ಮ ಕಂಬಳಿ ಬಿಡಲಿಲ್ಲ, ನಾನೂ ಅಪ್ಪನೂ ಹೋದೆವು. ಹಣ್ಣಿನ ಬುಟ್ಟಿ, ಗಿಡ, ಬಟ್ಟೆ ಎಲ್ಲಾ ಕೂಗಿ ಕೂಗಿ ಮಾರುತ್ತಾರೆ. ‘ಇದೆಂಥ ಮೀನು ಮಾರ್ಕೆಟ್ ಮಾರಾಯ, ಮೀನಿಗಿಂತ ಬಾಳೆಹಣ್ಣೇ ಜಾಸ್ತಿ’ ಅಂದರು ಅಪ್ಪ. ನಿಜ ಹೇಳಬೇಕೆಂದರೆ ಮಲ್ಪೆ ನೋಡಿದವರಿಗೆ ಇದು ತಪ್ಪಿದರೂ ಬೇಜಾರಿಲ್ಲ. ಒಂದು ಎಚ್ಚರಿಕೆ: ಚಳಿಗಾಲದಲ್ಲಿ ವಾಯವ್ಯದ ಬಿರುಗಾಳಿ ಬಂದರೆ ಸಮುದ್ರದ ನೀರು ನದಿಯೊಳಗೆ ನುಗ್ಗಿ ಈ ಸಂತೆಯ ಜಾಗವೇ ಮುಳುಗುತ್ತದೆ. 1962ರ ಫೆಬ್ರವರಿಯಲ್ಲಿ ಹೀಗೆ ನುಗ್ಗಿದ ನೀರಿಗೆ ಹ್ಯಾಂಬರ್ಗಿನಲ್ಲಿ 315 ಜನ ಸತ್ತರು, ಆಮೇಲೆ ಒಡ್ಡುಗಳನ್ನೆಲ್ಲ ಎತ್ತರಿಸಿದರು. ಹಿಂದಿನ ರಾತ್ರಿ ಹವಾಮಾನ ನೋಡಿ ಮಲಗಿ.

ಊಟದ ವಿಷಯ. ಧಕ್ಕೆಯಲ್ಲಿ ಬನ್ನಿನೊಳಗೆ ಮೀನಿಟ್ಟು ಕೊಡುತ್ತಾರೆ. ಉಪ್ಪಲ್ಲಿ ಹಾಕಿದ ಹೆರಿಂಗ್ ನೋಡಿ ಅಮ್ಮ ‘ಹಸಿ ಮೀನು ತಿನ್ನಲಿಕ್ಕೆ ನಾನೆಂಥ ಬೆಕ್ಕಾ?’ ಅಂದರು. ಹಿಟ್ಟಲ್ಲಿ ಅದ್ದಿ ಕರಿದ ಮೀನಿನದ್ದೂ ಇರುತ್ತೆ, ಅದನ್ನು ಕೇಳಿ ತಗೊಳ್ಳಿ. ಸಸ್ಯಾಹಾರಿಗಳಿಗೆ ಪುರಭವನದ ಎದುರಿನ ಕ್ರಿಸ್‌ಮಸ್ ಸಂತೆಯಲ್ಲಿ ಆಲೂಗಡ್ಡೆ ತುರಿದು ಕರಿದ ರೊಟ್ಟಿಯಂಥದ್ದು ಸಿಗುತ್ತದೆ, ಸೇಬಿನ ಗೊಜ್ಜಿನ ಜೊತೆ. ಬೆಳಿಗ್ಗೆಗೆ ಬೇಕರಿಯ ಫ್ರಾನ್ಸ್‌ಬ್ರೋಟ್‌ಷನ್, ದಾಲ್ಚಿನ್ನಿಯ ಬನ್ನು, ಈ ಊರಿನದೇ. ಮುಖ್ಯ ರೈಲು ನಿಲ್ದಾಣದ ಹಿಂದೆ ಸ್ಟೈನ್‌ಡಾಮ್ ರಸ್ತೆಯಲ್ಲಿ ಅಕ್ಕಿ, ಬೇಳೆ, ಹಸಿಮೆಣಸು ಎಲ್ಲಾ ಸಿಗುವುದರಿಂದ ಅಡುಗೆಮನೆ ಇರುವ ರೂಮು ಹಿಡಿದರೆ ಹೊಟ್ಟೆಯ ಚಿಂತೆ ಇಲ್ಲ. ಭಾನುವಾರ ಅಂಗಡಿಗಳೆಲ್ಲ ಬಂದ್, ಹಾಲು ಮೊಸರು ಶನಿವಾರವೇ ತಂದಿಡಿ.

ರೂಮು ನಾವು ಹಿಡಿದದ್ದು ಬೌಮ್‌ವಾಲ್ ಹತ್ತಿರ. ಅಲ್ಲಿಂದ ಲಾಂಡುಂಗ್ಸ್‌ಬ್ರೂಕೆನ್‌ಗೆ ಯು3 ಮೆಟ್ರೋ ನೆಲದ ಮೇಲೆ, ಎತ್ತರದ ಹಳಿಯಲ್ಲಿ ಓಡುತ್ತದೆ, ಬಂದರು ಪೂರ್ತಿ ಕಾಣುತ್ತೆ. ಮಳೆ ಜೋರಾದಾಗ ಸುಮ್ನೆ ಅದರಲ್ಲೇ ಹೋಗಿ ಬಂದದ್ದೂ ಇದೆ. ಕ್ರಿಸ್‌ಮಸ್ ಸಂತೆಯ ಶುಕ್ರವಾರ, ಶನಿವಾರ ರಾತ್ರಿ ಬಾಡಿಗೆ ಜಾಸ್ತಿ, ಅದಕ್ಕೆ ನಾವು ಶನಿವಾರ ಹೋಗಿ, ಆ ಒಂದು ರಾತ್ರಿ ಬಿಟ್ಟರೆ ಉಳಿದದ್ದೆಲ್ಲ ವಾರದ ದಿನಗಳಲ್ಲೇ ಇಟ್ಟುಕೊಂಡೆವು. ಲ್ಯೂಬೆಕ್ ರೈಲಲ್ಲಿ ಮುಕ್ಕಾಲು ಗಂಟೆ ಅಷ್ಟೇ, ಆದರೂ ಬಿಟ್ಟೆ. ಇರುವ ಹಗಲೇ ಇಷ್ಟು, ಅದರಲ್ಲಿ ಇನ್ನೊಂದು ಊರಿಗೆ ಯಾಕೆ ಹಂಚಬೇಕು, ಅಲ್ವಾ?

ನಾವು ರೈಲಲ್ಲಿ ಹೋದದ್ದು. ವಿಮಾನದಲ್ಲಿ ಬರುವವರು ವಾಪಸ್ ಹೋಗುವಾಗ ಎಸ್1 ರೈಲಿನ ಮುಂದಿನ ಡಬ್ಬಿಗಳಲ್ಲೇ ಕೂರಿ. ಓಲ್ಸ್‌ಡಾರ್ಫಿನಲ್ಲಿ ರೈಲು ಎರಡಾಗುತ್ತದೆ, ಮುಂದಿನ ಭಾಗ ಮಾತ್ರ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ.